ಅಂಗಳದಲ್ಲಿ ಚಂಡೀಗಡ ಬಿಡಿಸುವುದು ಹೇಗೆ

ರಾಜಧಾನಿಗಳ ಪಾಠ ಬಂದಾಗ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ. ಕೊಪ್ಪಳದ ನಮ್ಮ ಶಾಲೆ ಅಂಗಳದಲ್ಲಿ ನಿಂತರೆ ಗವಿಮಠದ ಗುಡ್ಡ ಕಾಣುತ್ತದೆ. ಅದನ್ನೇ ಚಂಡೀಗಡದ ಹಿಂದಿರುವ ಶಿವಾಲಿಕ್ ಬೆಟ್ಟ ಅಂತ ಇಟ್ಟುಕೊಳ್ಳುತ್ತೇವೆ. ನಕ್ಷೆಯ ತಲೆ ಆ ಕಡೆಗೆ.

ಹದಿನಾರು ಅಡಿ ಉದ್ದಗಲದ ಜಾಗ, ಎರಡು ಸೇರು ರಂಗೋಲಿ ಪುಡಿ, ಗೂಟ, ಗೌಂಡಿಗಳ ದಾರ ಬೇಕು. ಪ್ಲಾಸ್ಟಿಕ್ ಸುತಳಿ ಮಾತ್ರ ಬೇಡ. ಹೋದ ವರ್ಷ ಅದು ಎಳೆದಷ್ಟೂ ಹಿಗ್ಗಿ, 15ನೇ ಸೆಕ್ಟರ್ (ಚಂಡೀಗಡದ ಬಡಾವಣೆಗೆ ಹಾಗನ್ನುತ್ತಾರೆ) ಧ್ವಜದ ಕಟ್ಟೆಯೊಳಗೆ ಹೋಗಿತ್ತು.

ಒಂದು ಅಡಿಗೆ 400 ಮೀಟರ್ ಲೆಕ್ಕ. ಸೆಕ್ಟರ್ ಅಂದರೆ ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದ. ನಮಗೆ ಎರಡಡಿ, ಮೂರಡಿ. ಎಲ್ಲವೂ ಅಷ್ಟೇ ಇಲ್ಲ, ಮಕ್ಕಳಿಗೆ ಇಷ್ಟು ಸಾಕು. ಅಡ್ಡ ಐದು, ಉದ್ದ ನಾಲ್ಕು, ಇಪ್ಪತ್ತು ಮನೆ ಹಾಕಿ. ದಾರಕ್ಕೆ ಗಂಟು ಹಾಕುವಾಗಲೇ ಕಥೆ ಹೇಳಿ ಮುಗಿಸಿ: 1947ರಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು, ಪಂಜಾಬಿಗೆ ರಾಜಧಾನಿ ಇಲ್ಲದಂತಾಯಿತು, 1951ರಲ್ಲಿ ಹೊಸ ರಾಜಧಾನಿ ಚಂಡೀಗಡದ ನಕ್ಷೆ ಹಾಕಲು ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಬಂದ.

ಅಂಕಿ ಬರೆಯುವುದೇ ಮಜಾ. ಎತ್ತು ಸಾಲು ಮುಗಿಸಿ ತಿರುಗಿದ ಹಾಗೆ ಬರೆಯಬೇಕು. ಮೊದಲ ಸಾಲು ಎಡದಿಂದ 2ರಿಂದ 6, ಎರಡನೆಯದು ಬಲದಿಂದ 7ರಿಂದ 11, ಮತ್ತೆ ಎಡದಿಂದ 15ರಿಂದ 19, ಮತ್ತೆ ಬಲದಿಂದ 20ರಿಂದ 24. 12 ಮತ್ತು 14 ಎಡಗಡೆ ಹೊರಗೆ. 13 ಮೂಲ ನಕ್ಷೆಯಲ್ಲೇ ಇರಲಿಲ್ಲ. ಈಗ ಮೇಲಿನದಕ್ಕೆ ಕೆಳಗಿನದನ್ನು ಕೂಡಿಸಿ: 4, 9 ಸೇರಿ 13, 9, 17 ಸೇರಿ 26, 17, 22 ಸೇರಿ 39. ಬಿಟ್ಟ 13 ಎಲ್ಲಿ ಕೂಡಿಸಿದರೂ ಇಣುಕುತ್ತದೆ!

ತಲೆಯ ಮೇಲೆ 1: ವಿಧಾನಸಭೆ, ಹೈಕೋರ್ಟು, ಸಚಿವಾಲಯ. ಅದರ ಬಲಕ್ಕೆ ತಾಟಿನಲ್ಲಿ ನೀರು ತುಂಬಿ ಇಟ್ಟರೆ 1958ರ ಸುಖನಾ ಕೆರೆ.

ಒಬ್ಬರನ್ನು 22ರಲ್ಲಿ ನಿಲ್ಲಿಸಿ, ‘ಗೆರೆ ತುಳಿಯದೆ ಮನೆಯಿಂದ ಶಾಲೆಗೆ ಹೋಗು’ ಅನ್ನಿ. ಹೋಗಬಹುದು. ಶಾಲೆ, ಅಂಗಡಿ ಸೆಕ್ಟರಿನ ಒಳಗೆ, ಜೋರು ಗಾಡಿಗಳು ಹೊರಗಿನ ರಸ್ತೆಯಲ್ಲಿ, ಇದೇ ಇಡೀ ಊರಿನ ಲೆಕ್ಕ. ನಿತ್ಯ ಹೈವೇ ದಾಟಿ ಬರುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಲ ಒಬ್ಬಳು ಕೇಳಿದಳು: “ಟೀಚರ್, ಇಲ್ಲಿ ತೇರು ಎಲ್ಲಿ ಎಳೀತಾರ್ರಿ?” ಹಂಪಿಯಲ್ಲಾದರೆ ವಿರೂಪಾಕ್ಷ ಗುಡಿ ಮುಂದಿನ ಬೀದಿ ತೋರಿಸಬಹುದಿತ್ತು. ನಾನು 3 ಮತ್ತು 4ರ ನಡುವೆ ನೇರ ಸೆಕ್ಟರ್ 1ಕ್ಕೆ ಹೋಗುವ ಜನಮಾರ್ಗ ತೋರಿಸಿದೆ. ಇಟ್ಟಿಗೆಗೆ ಹಗ್ಗ ಕಟ್ಟಿ ಎಳೆದೇಬಿಟ್ಟರು, ಉತ್ತತ್ತಿ ಬದಲು ಬೇವಿನಕಾಯಿ ತೂರಿದರು. ಗೆರೆ ಪೂರ್ತಿ ಅಳಿಸಿಹೋಯಿತು. ಎರಡು ಸೇರು ಪುಡಿ ಅಂದದ್ದು ಅದಕ್ಕೇ.