ರಿವ್ಯೂಗಳು ಬೇಡ ಅಂದ ಕ್ಯಾಮೆರಾವನ್ನು ನಾನೇ ಪರೀಕ್ಷಿಸಿ ತಗೊಂಡ ಬಗೆ

ನಿಕಾನ್ ಝಡ್ 6 ತ್ರೀ ಕ್ಯಾಮೆರಾ ತಗೋಬೇಡಿ ಅಂತ ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ಅದೇ ಕ್ಯಾಮೆರಾದಲ್ಲಿ ಮದುವೆ ಶೂಟ್ ಮಾಡುತ್ತಿದ್ದಾರೆ. ಇನ್ನೂ ಕೆಲವರು ಫೋನ್ ಮಾಡಿ, "ಹೆಂಗ ಟೆಸ್ಟ್ ಮಾಡಿದ್ರಿ, ಸ್ವಲ್ಪ ಹೇಳ್ರಿ" ಅಂತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದು ಬಿಡುತ್ತೇನೆ. ಇದು ಕೆಲಸ ಗೊತ್ತಿರುವವರಿಗೆ. ಐಎಸ್‌ಒ, ಸ್ಟಾಪ್, ರಾ ಫೈಲ್ ಅಂದರೇನು ಅಂತ ವಿವರಿಸುವುದಿಲ್ಲ.

2024ರ ಜೂನ್‌ನಲ್ಲಿ ನಿಕಾನ್ ಈ ಕ್ಯಾಮೆರಾ ಬಿಟ್ಟಿತು. ಲೆನ್ಸ್ ಇಲ್ಲದೆ ಬರೀ ಬಾಡಿಯೇ ಆಗ ₹2.5 ಲಕ್ಷದ ಹತ್ತಿರ. ಮೊದಲ ವಾರ ಹೆಚ್ಚಿನ ರಿವ್ಯೂಗಳು ಹೊಗಳಿದವು. ವೇಗ, ವ್ಯೂಫೈಂಡರ್‌ನ ಬೆಳಕು, ಫೋಕಸ್, ಎಲ್ಲದಕ್ಕೂ ಭೇಷ್. ಆಮೇಲೆ ಕ್ಯಾಮೆರಾ ಸೆನ್ಸರ್‌ಗಳನ್ನು ಅಳೆದು ಹಾಕುವ ಬಿಲ್ ಕ್ಲಾಫ್ ಅವರ 'ಫೋಟಾನ್ಸ್ ಟು ಫೋಟೋಸ್' ವೆಬ್‌ಸೈಟ್‌ನ ಅಳತೆ ಬಂತು. ಐಎಸ್‌ಒ 100ರಲ್ಲಿ ಡೈನಾಮಿಕ್ ರೇಂಜ್, ಅಂದರೆ ಒಂದೇ ಫ್ರೇಮಿನಲ್ಲಿ ಬಿಸಿಲು, ನೆರಳು ಎರಡನ್ನೂ ಹಿಡಿಯುವ ಶಕ್ತಿ, ಹಳೆಯ ಝಡ್ 6 ಟೂಗಿಂತ ಮುಕ್ಕಾಲು ಸ್ಟಾಪ್‌ಗೂ ಮೇಲೆ ಕಡಿಮೆ. ಅಷ್ಟೇ ಸಾಕಾಯಿತು. ಹುಬ್ಬಳ್ಳಿಯಿಂದ ಗದಗಿನವರೆಗೆ ನಮ್ಮ ಬಳಗದಲ್ಲಿ ಒಂದೇ ಮಾತು: "ಅಣ್ಣಾ, ಹಳೇದಕ್ಕಿಂತ ಕಡಿಮಿ ಅಂದಮ್ಯಾಲ ಎರಡೂವರೆ ಲಕ್ಷ ಯಾಕ ಸುರೀತೀರಿ?"

ಅದೇ ಚಾರ್ಟ್‌ನ ಬಲಗಡೆ, ಅಂದರೆ ಕಡಿಮೆ ಬೆಳಕಿಗೆ ಬೇಕಾಗುವ ಹೆಚ್ಚಿನ ಐಎಸ್‌ಒ ಕಡೆ, ಯಾರೂ ನೋಡಲಿಲ್ಲ. ಐಎಸ್‌ಒ 800 ದಾಟಿದ ಮೇಲೆ ಎರಡು ಕ್ಯಾಮೆರಾಗಳೂ ಹೆಚ್ಚುಕಡಿಮೆ ಒಂದೇ. ಅಳತೆ ಮಾಡಿದವರ ಅಳತೆ ಸರಿಯಾಗಿಯೇ ಇತ್ತು. ನಮ್ಮವರು ಅದರಿಂದ ತೆಗೆದ ತೀರ್ಮಾನ ನನಗೆ ಸರಿ ಕಾಣಲಿಲ್ಲ.

ನಾನು ಮೊದಲು ಮಾಡಿದ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಹಿಂದಿನ ಎರಡು ಸೀಸನ್‌ನ ಮದುವೆಗಳನ್ನು ತೆರೆದೆ. ಗಿರಾಕಿಗೆ ಕೊಟ್ಟ ಫೋಟೋಗಳನ್ನು ಮಾತ್ರ ಆರಿಸಿ, ಐಎಸ್‌ಒ ಪ್ರಕಾರ ಫಿಲ್ಟರ್ ಹಾಕಿದೆ. 1600ರಿಂದ 6400ರ ನಡುವೆಯೇ ಮುಕ್ಕಾಲು ಪಾಲು. 400ರ ಕೆಳಗೆ ಹತ್ತಕ್ಕೆ ಒಂದೂ ಇಲ್ಲ, ಅದೂ ಹೊರಾಂಗಣದ ಪ್ರಿ-ವೆಡ್ಡಿಂಗ್. ಅಂದರೆ ಎಲ್ಲರೂ ಜಗಳ ಆಡುತ್ತಿದ್ದ ಜಾಗದಲ್ಲಿ ನನ್ನ ಸಂಪಾದನೆಯೇ ಇಲ್ಲ. ಯಾವ ರಿವ್ಯೂ ಓದುವ ಮೊದಲೂ ಇದನ್ನು ಮಾಡಿ. ನಿಮ್ಮ ಹೊಟ್ಟೆಪಾಡು ಯಾವ ಐಎಸ್‌ಒದಲ್ಲಿ ನಡೆಯುತ್ತಿದೆ ಅನ್ನೋದು ಗೊತ್ತಾಗಲಿ.

ಆದರೂ ಚಾರ್ಟ್ ನಂಬಿ ಎರಡೂವರೆ ಲಕ್ಷ ಹಾಕೋದಕ್ಕೆ ನಾನು ತಯಾರಿರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಬಾಡಿಗೆ ಕ್ಯಾಮೆರಾಗಳೂ ಖಾಲಿ. ದಿನಕ್ಕೆ ₹3,000 ಆಸುಪಾಸು, ಮೇಲೆ ಡೆಪಾಸಿಟ್. ತಂದು ಮನೆಯಲ್ಲಿ ಝಡ್ 6 ಟೂ ಪಕ್ಕದಲ್ಲಿ ಇಟ್ಟೆ.

ಮೊದಲ ಪ್ರಯೋಗಗಳು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಟೆಸ್ಟ್ ಚಾರ್ಟ್ ಅನ್ನು ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿದ್ದೆ. ಫ್ಲೆಕ್ಸ್ ಬೆಳಕನ್ನು ತಿರುಗಿ ಹೊಡೆಯುತ್ತದೆ, ಅದರಲ್ಲಿ ಕಪ್ಪು ಕಪ್ಪಾಗಿಯೇ ಇರೋದಿಲ್ಲ. ಆಮೇಲೆ ಒಂದಕ್ಕೆ 24-70, ಇನ್ನೊಂದಕ್ಕೆ 85 ಹಾಕಿ ತೆಗೆದೆವು. ಲೆನ್ಸ್ ಬೇರೆ ಆದ ಕೂಡಲೇ ಬೆಳಕು ಬೇರೆ, ಕಾಂಟ್ರಾಸ್ಟ್ ಬೇರೆ. ಅದನ್ನೆಲ್ಲ ಅಳಿಸಿದೆ. ಒಂದೇ ಲೆನ್ಸ್ ಬಿಚ್ಚಿ ಬಿಚ್ಚಿ ಹಾಕೋದೇ ಸರಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ನಂತರ ಪರಿಚಯದ ಕಲ್ಯಾಣ ಮಂಟಪದವರನ್ನು ಕೇಳಿದೆ. ಕರೆಂಟ್ ಖರ್ಚಿಗೆ ಅಂತ ₹1,000 ಕೊಟ್ಟೆ, ಸ್ಟೇಜ್ ಲೈಟ್, ಎಲ್‌ಇಡಿ ಗೋಡೆ ಎಲ್ಲ ಹಾಕಿಕೊಟ್ಟರು. ಅರ್ಧದಲ್ಲಿ ಕರೆಂಟ್ ಹೋಗಿ ಜನರೇಟರ್ ಬಂತು. ಬಲ್ಬಿನ ಬಣ್ಣವೇ ಬದಲಾಯಿತು. ಅವತ್ತಿನ ಅರ್ಧ ಫೈಲ್‌ಗಳನ್ನು ಹೋಲಿಸೋಕೆ ಆಗಲಿಲ್ಲ, ಮತ್ತೊಂದು ದಿನದ ಬಾಡಿಗೆ ಬಿತ್ತು.

ಫ್ಲೆಕ್ಸ್ ಬಿಟ್ಟು ನಾನು ಚಾರ್ಟ್ ಮಾಡಿಕೊಂಡದ್ದು ಮನೆಯ ಚಂದ್ರಕಾಳಿ ಸೀರೆಯನ್ನು. ಕಪ್ಪು ನೆಲ, ಮೇಲೆ ಧಾರವಾಡದ ಕಸೂತಿ. ಗವಂತಿ ಹೊಲಿಗೆಯ ಗೆರೆ ಒಂದೊಂದು ಎಳೆ ಲೆಕ್ಕದಲ್ಲಿ ಹೋಗುತ್ತದೆ. ನೆರಳಿನಲ್ಲಿ ಮಡಿಕೆ ಬಿದ್ದ ಕಡೆ ಆ ಗೆರೆ ಕಾಣಿಸಿದರೆ ಸೆನ್ಸರ್ ಪಾಸು. ಪಕ್ಕದಲ್ಲಿ ಬಿಳಿ ಧೋತರ, ಅರಿಷಿಣ ಹಚ್ಚಿದ ಕೈ, ಜರಿ ಪೇಟ. ನಮ್ಮ ಮದುವೆಯ ಕಷ್ಟವೆಲ್ಲ ಈ ನಾಲ್ಕರಲ್ಲಿದೆ. ಅರಿಷಿಣದ ಹಳದಿ, ಎಲ್‌ಇಡಿಯ ನೀಲಿ ಎರಡೂ ಒಂದೇ ಮುಖದ ಮೇಲೆ ಬಿದ್ದಾಗ ಚರ್ಮದ ಬಣ್ಣ ಏನಾಗುತ್ತದೆ? ನಾನು ನೋಡಿದ ಯಾವ ರಿವ್ಯೂದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಸುರಗಿ ಸುತ್ತಿ ನೀರು ಹಾಕುವ ಹೊತ್ತಿನ ಫೋಟೋ ರಿವ್ಯೂದವರಿಗೆ ಬೇಕಾಗಿಯೇ ಇಲ್ಲ, ನಮಗೆ ಅದಿಲ್ಲದೆ ಆಲ್ಬಂ ಇಲ್ಲ.

ಎಲ್‌ಇಡಿ ವಿಷಯ ಇನ್ನೊಂದಿದೆ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50. ನಮ್ಮ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿಯವರು 1/60, 1/125 ಸರಿ ಅಂದರೆ ಇಲ್ಲಿ ಅದು ಸರಿ ಬರೋದಿಲ್ಲ, ಇಲ್ಲಿ 1/50, 1/100 ಬೇಕು. ಎಲ್‌ಇಡಿ ಗೋಡೆಗಳ ಮಿನುಗು ಇನ್ನೂ ಬೇರೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸುಮ್ನೆ ಹೊಡೆದರೆ ಮದುಮಗಳ ಮುಖದ ಮೇಲೆ ಪಟ್ಟೆ ಪಟ್ಟೆ. ಈ ಕ್ಯಾಮೆರಾದಲ್ಲಿ ಹೈ ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಅಂತ ಇದೆ, ಶಟರ್ ಸ್ಪೀಡನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಬಹುದು. ಅದನ್ನು ತಿರುಗಿಸುತ್ತಾ ಪಟ್ಟೆ ಮಾಯ ಆಗುವ ಜಾಗ ಹಿಡಿದೆ. ಹುಬ್ಬಳ್ಳಿಯ ಯಾವ ಹಾಲ್‌ಗೆ ಯಾವ ಸ್ಪೀಡ್ ಅನ್ನೋ ಪಟ್ಟಿ ನನ್ನ ಡೈರಿಯಲ್ಲಿದೆ. ಅದನ್ನು ಇಲ್ಲಿ ಕೊಡೋದಿಲ್ಲ. ಅದಕ್ಕಾಗಿ ತುಂಬಾ ರಾತ್ರಿ ಕಳೆದಿದ್ದೇನೆ.

ಶ್ರಾವಣದಲ್ಲಿ ಸಂಬಂಧಿಕರ ಮದುವೆ ಬಂತು. ಅಲ್ಲಿ ಎರಡೂ ಬಾಡಿ ಒಟ್ಟಿಗೆ ಓಡಿಸಿದೆ. ಡೈನಾಮಿಕ್ ರೇಂಜ್ ವಿಚಾರ ಇತ್ಯರ್ಥ ಮಾಡಲು ಲಕ್ಕುಂಡಿಗೂ ಹೋದೆ. ಬ್ರಹ್ಮ ಜಿನಾಲಯದ ಒಳಗೆ ಕತ್ತಲು, ಬಾಗಿಲ ಹೊರಗೆ ಉರಿ ಬಿಸಿಲು. ನಾಲ್ಕು ಮುಖದ ಬ್ರಹ್ಮ ನಿಂತಿರುವ ಜಾಗಕ್ಕಿಂತ ಕಠಿಣ ಪರೀಕ್ಷೆ ನಮ್ಮ ಸುತ್ತ ಇಲ್ಲ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಉಸಿರು ಹಿಡಿದು ಕೈಯಲ್ಲೇ ತೆಗೆದೆ.

ಈಗ ಮುಖ್ಯ ವಿಷಯ, ಪ್ರಿಂಟ್. ಸ್ಕ್ರೀನ್‌ನಲ್ಲಿ 200 ಪರ್ಸೆಂಟ್ ದೊಡ್ಡದು ಮಾಡಿ ನೋಡೋದು ರಿವ್ಯೂದವರ ಕೆಲಸ. ನಮ್ಮ ಗಿರಾಕಿ ನೋಡೋದು 12x36 ಇಂಚಿನ ಆಲ್ಬಂ ಹಾಳೆ. ಹಾಗಾಗಿ ಎರಡೂ ಕ್ಯಾಮೆರಾದ ಒಂದೇ ದೃಶ್ಯದ ಜೋಡಿಗಳನ್ನು 12x18ರಲ್ಲಿ ಪ್ರಿಂಟ್ ಹಾಕಿಸಿದೆ. ಮೊದಲ ಕಂತು ಪೂರ್ತಿ ದಂಡ. ಲ್ಯಾಬ್‌ನ ಮಷಿನ್ ತಾನಾಗಿಯೇ ಬಣ್ಣ, ಬೆಳಕು ತಿದ್ದಿ ಎಲ್ಲವನ್ನೂ ಒಂದೇ ಥರ ಮಾಡಿಟ್ಟಿತ್ತು. ಆಲ್ಬಂಗೆ ಅದು ಒಳ್ಳೆಯದೇ, ಪರೀಕ್ಷೆಗೆ ಅಲ್ಲ. ಎರಡನೇ ಸಲ ಮಷಿನ್ ಮುಂದೆಯೇ ನಿಂತು, ಕರೆಕ್ಷನ್ ಪೂರ್ತಿ ಬಂದ್ ಮಾಡಿಸಿ ತೆಗೆಸಿದೆ. ಹಾಳೆಗೆ ₹80 ಅಂದಾಜು. ಎರಡು ಕಂತು ಸೇರಿ ಮೂರು ಸಾವಿರ ದಾಟಿತು.

ಹಿಂದೆ ಗುರುತು ಹಾಕಿ, ಜೋಡಿಗಳನ್ನು ಕಲಸಿ ಗೆಳೆಯರ ಮುಂದೆ ಇಟ್ಟೆ. ಗಿರ್ಮಿಟ್, ಮಿರ್ಚಿ ತರಿಸಿದ್ದೆ, ಆದರೆ ಪ್ರಿಂಟ್ ನೋಡಿ ಮುಗಿಯೋವರೆಗೆ ಎಣ್ಣೆ ಕೈ ಯಾರೂ ಹಚ್ಚಬಾರದು ಅಂತ ಕಟ್ಟುನಿಟ್ಟು. ಗುರುತು ಹೇಗೆ ಹಾಕಿದೆ ಅನ್ನೋದನ್ನೂ ಹೇಳೋದಿಲ್ಲ, ಮುಂದಿನ ಸಲವೂ ಅದೇ ಜನ ಬರುತ್ತಾರೆ.

ಬಂದವರೆಲ್ಲ ವರ್ಷಗಟ್ಟಲೆ ಕೆಲಸ ಮಾಡಿದವರು. ಮದುವೆಯ ಜೋಡಿಗಳಲ್ಲಿ ಯಾವುದು ಹೊಸ ಕ್ಯಾಮೆರಾ ಅಂತ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. "ಇದರಾಗ ಹಳೇ ಕ್ಯಾಮೆರಾನ ಕ್ಲೀನ್ ಐತಿ" ಅಂತ ಒಬ್ಬರು ಗಟ್ಟಿಯಾಗಿ ಹೇಳಿದ ಪ್ರಿಂಟ್ ಹೊಸ ಕ್ಯಾಮೆರಾದ್ದು. ಕಪ್ಪು ಸೀರೆಯ ಜೋಡಿಯಲ್ಲೂ ಐಎಸ್‌ಒ 3200ರಲ್ಲಿ ಯಾರಿಗೂ ವ್ಯತ್ಯಾಸ ಸಿಗಲಿಲ್ಲ.

ಒಂದೇ ಒಂದು ಜೋಡಿಯನ್ನು ಎಲ್ಲರೂ ಸರಿಯಾಗಿ ಹಿಡಿದರು. ಲಕ್ಕುಂಡಿಯದು. ಐಎಸ್‌ಒ 100ರಲ್ಲಿ ಹೊರಗಿನ ಬಿಸಿಲಿಗೆ ಎಕ್ಸ್‌ಪೋಸ್ ಮಾಡಿ, ಒಳಗಿನ ನೆರಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ 4 ಸ್ಟಾಪ್ ಎತ್ತಿದ್ದೆ. ಹೊಸ ಕ್ಯಾಮೆರಾದ ಪ್ರಿಂಟ್‌ನಲ್ಲಿ ಕಂಬದ ಬುಡದಲ್ಲಿ ಮರಳು ಎರಚಿದ ಹಾಗೆ ನಾಯ್ಸ್. ಹಾಗಾಗಿ ಅಳತೆ ಸುಳ್ಳಲ್ಲ ಅಂತ ಅಲ್ಲೇ ಸಾಬೀತಾಯಿತು. ದೇವಸ್ಥಾನ, ಲ್ಯಾಂಡ್‌ಸ್ಕೇಪ್ ಮಾಡುವವರು, ನೆರಳು ಎತ್ತಿ ಎತ್ತಿ ಕೆಲಸ ಮಾಡುವವರು ಆ ರಿವ್ಯೂಗಳನ್ನು ನಂಬಲೇಬೇಕು. ಅಂಥವರು ಝಡ್ 6 ಟೂನಲ್ಲೇ ಇರಲಿ, ಅಥವಾ ಎರಡು ಎಕ್ಸ್‌ಪೋಶರ್ ತೆಗೆದು ಸೇರಿಸಲಿ. ಮದುವೆಯವರಿಗೆ ಇದು ವಿಷಯವೇ ಅಲ್ಲ.

ಬಾಡಿಗೆ, ಪ್ರಿಂಟ್, ಹಾಲ್, ಪೆಟ್ರೋಲ್ ಸೇರಿ ಪರೀಕ್ಷೆಗೆ ₹18,000 ಆಸುಪಾಸು ಹೋಯಿತು. "ಅಷ್ಟು ರೊಕ್ಕದಾಗ ಒಂದು ಫ್ಲ್ಯಾಶ್ ಬರತಿತ್ತು" ಅಂತ ಅಂದವರಿದ್ದಾರೆ. ಎರಡೂವರೆ ಲಕ್ಷದ ಮುಂದೆ ಅದು ಜಾಸ್ತಿ ಅಲ್ಲ ಅನ್ನೋದು ನನ್ನ ಲೆಕ್ಕ. ದೀಪಾವಳಿಗೆ ಮುಂಚೆ ಕ್ಯಾಮೆರಾ ತಗೊಂಡೆ. ಮೇಲೆ ಸಿಎಫ್ ಎಕ್ಸ್‌ಪ್ರೆಸ್ ಕಾರ್ಡ್‌ಗೆ ₹13,000 ಚಿಲ್ಲರೆ. ಅದನ್ನು ತಪ್ಪಿಸೋಕೆ ಹೋಗಬೇಡಿ. ಬಾಡಿಗೆ ದಿನಗಳಲ್ಲಿ ಬರೀ ಎಸ್‌ಡಿ ಕಾರ್ಡ್ ಹಾಕಿ ನೋಡಿದೆ, 20 ಫ್ರೇಮ್ ವೇಗದಲ್ಲಿ ರಾ ಹೊಡೆದಾಗ ಬಫರ್ ಬೇಗ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ.

ಪರೀಕ್ಷೆಯ ಜೊತೆಗೆ ಶುರುವಾದ ಒಂದು ಸಣ್ಣ ಪ್ರಯೋಗ ಈಗ ನನ್ನ ಆಲ್ಬಂನ ಹೆಸರಾಗಿದೆ. ಪ್ರಿ-ರಿಲೀಸ್ ಕ್ಯಾಪ್ಚರ್. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮೊದಲಿನ 1 ಸೆಕೆಂಡಿನವರೆಗೆ ಫ್ರೇಮ್‌ಗಳು ಸಿಗುತ್ತವೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಇದನ್ನು ಹಾಕಿದೆ. ಕಾಳು ಗಾಳಿಯಲ್ಲಿ, ಮದುಮಕ್ಕಳ ಕಣ್ಣು ತೆರೆದಿರಬೇಕು, ಎರಡೂ ಒಟ್ಟಿಗೆ ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಈಗ ಪ್ರತಿ ಮದುವೆಯಲ್ಲೂ ಸಿಗುತ್ತದೆ. ಇದರಲ್ಲಿ ಜೆಪೆಗ್ ಮಾತ್ರ ಬರುತ್ತದೆ, ರಾ ಇಲ್ಲ. ಹಾಗಾಗಿ ವೈಟ್ ಬ್ಯಾಲೆನ್ಸ್ ಮೊದಲೇ ಸರಿ ಇಡಬೇಕು, ಆ ಹಾಲ್‌ಗೆ ಸರಿಹೋಗುವ ಶಟರ್ ಸ್ಪೀಡ್ ಗೊತ್ತಿರಬೇಕು. ಇಲ್ಲದಿದ್ದರೆ ಪಟ್ಟೆಗಳು ಬಂದು ಎಲ್ಲ ಫ್ರೇಮ್ ಹಾಳು. ಇದೇ ಉಪಾಯದಲ್ಲಿ ನೃಪತುಂಗ ಬೆಟ್ಟದ ಮೇಲಿಂದ ಮಿಂಚು ಹಿಡಿಯಲು ನೋಡಿದೆ. ಫ್ರೇಮಿನ ಅರ್ಧ ಬೆಳಕು, ಅರ್ಧ ಕತ್ತಲು ಬಂತು. ಅದು ಮೆಕ್ಯಾನಿಕಲ್ ಶಟರ್‌ನ ಕೆಲಸ, ಬಿಟ್ಟೆ.

ಮಾಗಡಿ ಕೆರೆಗೂ ಒಯ್ದಿದ್ದೆ. ಶಿರಹಟ್ಟಿ ಕಡೆಯ ಈ ಕೆರೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಬರುತ್ತವೆ. ಮೊದಲ ಚಳಿಗಾಲದಲ್ಲಿ ಬಾಡಿಗೆಯ 180-600 ಹಾಕಿ, ಅನಿಮಲ್ ಮೋಡ್‌ನಲ್ಲಿ ತೆಗೆದೆ. ಆಕಾಶ ಹಿಂದೆ ಇದ್ದರೆ ಸರಾಗ. ಜಾಲಿ ಗಿಡ ಹಿಂದೆ ಬಂದರೆ ಫೋಕಸ್ ಗಿಡಕ್ಕೆ ಹೋಗುತ್ತಿತ್ತು. 2025ರ ಜುಲೈನಲ್ಲಿ ಬಂದ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) 2.00ರಲ್ಲಿ ಹಕ್ಕಿಗೇ ಬೇರೆ ಮೋಡ್ ಕೊಟ್ಟರು. ಮುಂದಿನ ಚಳಿಗಾಲಕ್ಕೆ ಅದೇ ಜಾಗ, ಅದೇ ಲೆನ್ಸ್, ಉಪಯೋಗಕ್ಕೆ ಬರುವ ಫ್ರೇಮ್‌ಗಳು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಬಿಡುಗಡೆ ವಾರದ ರಿವ್ಯೂ ಇವತ್ತಿಗೂ ಹಳೆಯ ಫೋಕಸ್ ಬಗ್ಗೆಯೇ ಹೇಳುತ್ತಿರುತ್ತದೆ. ತಾರೀಖು ನೋಡದೆ ಓದಬೇಡಿ.

ನಾನು ರಿವ್ಯೂ ಓದೋದು ಬಿಟ್ಟಿಲ್ಲ. ಸೆನ್ಸರ್ ಎಷ್ಟು ವೇಗವಾಗಿ ಓದುತ್ತದೆ, ವಿಡಿಯೋದಲ್ಲಿ ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ, ಇಂಥವನ್ನು ಅಳೆಯಲು ನಮ್ಮ ಹತ್ತಿರ ಸಾಧನ ಇಲ್ಲ. ಅಲ್ಲಿ ಅವರ ಮಾತೇ ಕೊನೆ. ಬಣ್ಣ, ಕಡಿಮೆ ಬೆಳಕು, "ಪ್ರೊಫೆಷನಲ್‌ಗೆ ಸಾಲದು" ಅನ್ನುವ ತೀರ್ಪು, ಇವು ಬಂದಾಗ ಪುಟ ತಿರುವಿ ಮುಂದೆ ಹೋಗುತ್ತೇನೆ.

ಹಳೆಯ ಝಡ್ 6 ಟೂ ಮಾರಿಲ್ಲ, ಎರಡನೇ ಬಾಡಿಯಾಗಿ ಇದೆ. ಆ ಸೀಸನ್‌ನಿಂದ ಪ್ಯಾಕೇಜ್ ಮೇಲೆ ₹10,000 ಏರಿಸಿದೆ, ಅಕ್ಕಿಕಾಳಿನ ಹಾಳೆ ನೋಡಿದವರು ಚೌಕಾಶಿ ಮಾಡಿಲ್ಲ. ಈಗ ಹಾವೇರಿಯ ಗೆಳೆಯರೊಬ್ಬರಿಗೆ ಕ್ಯಾನನ್ ಆರ್6 ಮಾರ್ಕ್ ತ್ರೀ ಮೇಲೆ ಮನಸ್ಸು. 2025ರ ನವೆಂಬರ್‌ನಲ್ಲಿ ಬಂದದ್ದು, 32.5 ಮೆಗಾಪಿಕ್ಸೆಲ್. ಅದೇ ಚಂದ್ರಕಾಳಿ ಸೀರೆ, ಅದೇ ಹಾಲ್, ಅದೇ ಲ್ಯಾಬ್‌ನಲ್ಲಿ ಅದಕ್ಕೂ ಪರೀಕ್ಷೆ ಇಡುತ್ತೇವೆ. ಬಾಡಿಗೆ, ಪ್ರಿಂಟ್ ಖರ್ಚು ಅವರದು.