ಕಾಂಟಾ ಚೀಟಿಯ ಹಿಂದೆ 40 ಸೋಲು: ಮೂರು ನಿಮಿಷದ ಚೆಸ್ ಸುಧಾರಿಸಿಕೊಂಡ ಬಗೆ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾಂಟಾದಲ್ಲಿ ಕೂತು ಲಾರಿ ತೂಗುವುದು ನನ್ನ ಕೆಲಸ. ತೊಗರಿ ಸೀಸನ್ನಿನಲ್ಲಿ ತಲೆ ಎತ್ತಲೂ ಆಗುವುದಿಲ್ಲ. ಉಳಿದ ದಿನ ಒಂದು ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಹತ್ತು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷದ ಒಂದು ಬ್ಲಿಟ್ಜ್ (ವೇಗದ ಚೆಸ್) ಆಟ ಮುಗಿಯುತ್ತದೆ. ಹೀಗೆ ಎರಡು ವರ್ಷ ಆಡಿದೆ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಬಂತು, ಲಿಚೆಸ್ ಎಂಬ ಚೆಸ್ ಆ್ಯಪ್‌ನಲ್ಲಿ ನನ್ನ ಆಟದ ಮಟ್ಟ ತೋರಿಸುವ ರೇಟಿಂಗ್ 1300 ಬಿಟ್ಟು ಕದಲಲಿಲ್ಲ.

ಜಾಸ್ತಿ ಆಡಿದರೆ ತಾನಾಗಿಯೇ ಸುಧಾರಿಸುತ್ತೇವೆ ಅಂದುಕೊಂಡಿದ್ದೆ. ಸುಳ್ಳು. ಜಾಸ್ತಿ ಆಡಿದರೆ ಮಾಡಿದ ತಪ್ಪನ್ನೇ ಬೇಗ ಮಾಡುವುದು ರೂಢಿಯಾಗುತ್ತದೆ, ಅಷ್ಟೇ.

ಕಾಂಟಾದಲ್ಲಿ ಹಳೆಯ ಚೀಟಿ ಪುಸ್ತಕಕ್ಕೆ ಬರವಿಲ್ಲ. ಒಂದರ ಹಿಂಬದಿಯಲ್ಲಿ ನಾಲ್ಕು ಕಾಲಂ ಎಳೆದೆ: ಸಮಯ ಮುಗಿದದ್ದು, ಸುಮ್ನೆ ಕಾಯಿ ಕೊಟ್ಟದ್ದು, ಓಪನಿಂಗ್‌ನಲ್ಲೇ (ಆರಂಭದ ನಡೆಗಳಲ್ಲೇ) ಕೆಟ್ಟದ್ದು, ಗೆದ್ದ ಆಟ ಕೈಬಿಟ್ಟದ್ದು. ಸೋತಾಗಲೆಲ್ಲ ಒಂದು ಗೀಟು. 40 ಸೋಲಾದ ಮೇಲೆ ಎಣಿಸಿದೆ. ಸಮಯ 17, ಕಾಯಿ 14, ಗೆದ್ದು ಬಿಟ್ಟದ್ದು 5, ಓಪನಿಂಗ್ 4. ನಾನು ಅಲ್ಲಿಯವರೆಗೆ ದಿನಾ ನೋಡುತ್ತಿದ್ದದ್ದು ಬರೀ ಓಪನಿಂಗ್ ವಿಡಿಯೋ! ಹೊಟ್ಟೆನೋವಿಗೆ ಕಾಲಿಗೆ ಮುಲಾಮು ಹಚ್ಚಿದ ಹಾಗೆ. ನೀವು ಬೇರೇನೂ ಮಾಡದಿದ್ದರೂ ಈ ಲೆಕ್ಕ ಇಡಿ. ನಿಮ್ಮ ಸಂಖ್ಯೆ ನನ್ನದರ ಹಾಗೆ ಇರಬೇಕೆಂದಿಲ್ಲ.

ಮೊದಲು ಸಮಯದ ಮಾತು. ಆಟ ಮುಗಿದ ಮೇಲೆ ಲಿಚೆಸ್‌ನಲ್ಲಿ ಅನಾಲಿಸಿಸ್ ತೆರೆದರೆ ಯಾವ ನಡೆಗೆ ಎಷ್ಟು ಸೆಕೆಂಡ್ ಹೋಯಿತು ಅಂತ ಗ್ರಾಫ್ ತೋರಿಸುತ್ತದೆ. ನಾನು ಕೊನೆಯಲ್ಲಿ ನಿಧಾನ ಅಂದುಕೊಂಡಿದ್ದೆ. ನೋಡಿದರೆ ಹತ್ತು, ಹದಿನೈದನೇ ನಡೆಯ ಹತ್ತಿರ ಒಂದೇ ಕಡೆ 40 ಸೆಕೆಂಡ್ ಸುರಿದಿದ್ದೆ. ಅಷ್ಟು ಯೋಚಿಸಿ ಆಡಿದ್ದೇನು? ಮೊದಲು ಹೊಳೆದ ನಡೆಯನ್ನೇ. ಈಗ ಇಂಥ ಕಡೆ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಅಷ್ಟರಲ್ಲಿ ಚೆಕ್ ಆಗಲಿ, ಹೊಡೆಯುವ ಕಾಯಿ ಆಗಲಿ ಕಾಣದಿದ್ದರೆ, ಕೆಲಸವಿಲ್ಲದೆ ಮೂಲೆಯಲ್ಲಿ ಕೂತ ಕಾಯಿಯನ್ನು ಹೊರಗೆ ತಂದುಬಿಡುತ್ತೇನೆ. ಅದು ಬೆಸ್ಟ್ ನಡೆ ಅಲ್ಲದಿರಬಹುದು. ಆದರೆ 30 ಸೆಕೆಂಡ್ ಕೈಯಲ್ಲಿ ಉಳಿಯುತ್ತದೆ.

ಇನ್ನೊಂದು, 3+0 (ಬರೀ ಮೂರು ನಿಮಿಷ) ಬಿಟ್ಟು 3+2 ಆಡಿ. ಪ್ರತಿ ನಡೆಗೆ ಎರಡು ಸೆಕೆಂಡ್ ಸೇರುತ್ತದೆ, 60 ನಡೆಯ ಆಟಕ್ಕೆ ಎರಡು ನಿಮಿಷ ಜಾಸ್ತಿ ಸಿಕ್ಕ ಹಾಗಾಯಿತು. ಕೊನೆಯಾಟವನ್ನು ಆಡಿ ಕಲಿಯಲು ಇದರಲ್ಲಿ ಅವಕಾಶ ಇದೆ. ಒಂದು ನಿಮಿಷದ ಬುಲೆಟ್ ಮಜಾ ಇರುತ್ತದೆ, ಹಬ್ಬಕ್ಕೆ ಇಟ್ಟುಕೊಳ್ಳಿ.

ಸುಮ್ನೆ ಕಾಯಿ ಕೊಡುವ ರೋಗಕ್ಕೆ ಮದ್ದು ಪಜಲ್, ಅಂದರೆ ಸರಿಯಾದ ನಡೆ ಹುಡುಕುವ ಒಗಟು. ಆದರೆ ಕಷ್ಟದ ಪಜಲ್ ಅಲ್ಲ. ಐದು ನಿಮಿಷ ತಲೆ ಕೆರೆದುಕೊಳ್ಳುವ ಪಜಲ್‌ನಿಂದ ಬ್ಲಿಟ್ಜ್‌ಗೆ ಆಗುವ ಲಾಭ ಕಡಿಮೆ. ನೋಡಿದ ತಕ್ಷಣ ಕೈ ಹೋಗಬೇಕು, ಅಂಥವು ಬೇಕು. ಲಿಚೆಸ್‌ನಲ್ಲಿ ವಿಷಯ ಆರಿಸಿಕೊಳ್ಳಬಹುದು, ಮಟ್ಟವನ್ನೂ ಕೆಳಗಿಳಿಸಬಹುದು. ನಾನು ಒಂದು ವಾರ ಬರೀ ಫೋರ್ಕ್ (ಒಂದೇ ಕಾಯಿ ಒಟ್ಟಿಗೆ ಎರಡಕ್ಕೆ ಗುರಿಯಿಡುವುದು), ಮುಂದಿನ ವಾರ ಬರೀ ಪಿನ್ (ಹಿಂದೆ ದೊಡ್ಡ ಕಾಯಿ ಇರುವುದರಿಂದ ಮುಂದಿನದು ಕದಲಲಾಗದ್ದು), ಆಮೇಲೆ ಕೊನೆ ಸಾಲಿನ ಮೇಟ್, ಹೀಗೆ ದಿನಕ್ಕೆ 20 ನಿಮಿಷ ಮಾಡಿದೆ. ತಪ್ಪಿದ್ದನ್ನು ಮರುದಿನ ಮತ್ತೆ. ನಂತರ ಪಜಲ್ ಸ್ಟ್ರೀಕ್: ಅಲ್ಲಿ ಗಡಿಯಾರ ಇಲ್ಲ, ಒಂದು ತಪ್ಪಿದರೆ ಮುಗಿಯಿತು. ಅದು ಕೈಗೆ ಕುದುರಿದ ಮೇಲೆ ಪಜಲ್ ಸ್ಟಾರ್ಮ್: ಮೂರು ನಿಮಿಷ, ತಪ್ಪಿಗೆ ಹತ್ತು ಸೆಕೆಂಡ್ ಕಟ್. ಮೊದಲೇ ಸ್ಟಾರ್ಮ್‌ಗೆ ಹಾರಿದರೆ ಊಹೆ ಮಾಡುವ ಚಟ ಹತ್ತುತ್ತದೆ. ನನಗೆ ಹತ್ತಿತ್ತು.

ಓಪನಿಂಗ್ ಬಗ್ಗೆ ಉದ್ದ ಹೇಳುವುದಿಲ್ಲ. ಬಿಳಿಗೆ ಒಂದು, ಕಪ್ಪಿಗೆ ಎರಡು ಸಾಕು. ನನ್ನದು ಬಿಳಿಯಲ್ಲಿ ಲಂಡನ್, ಕಪ್ಪಿನಲ್ಲಿ ಇ4 ಎದುರು ಕ್ಯಾರೊ-ಕಾನ್ (ಇ4, ಸಿ6 ಅನ್ನುವುದು ಬೋರ್ಡಿನ ಮನೆಗಳ ಹೆಸರು). ಆದರೆ ಬಾಯಿಪಾಠ ಮಾಡಿ ಕಣ್ಣು ಮುಚ್ಚಿ ಆಡಬೇಡಿ. ಅದಕ್ಕೆ ನಾನು ತೆತ್ತ ದಂಡ ಕೇಳಿ. ಮೊದಲು ಪೇದೆಗಳು, ಬಿಳಿ ಒಂದು, ನಾನು ಒಂದು: ಇ4, ಸಿ6. ಡಿ4, ಡಿ5. ಬಿಳಿ ಕುದುರೆ ಸಿ3ಕ್ಕೆ. ನಾನು ಇ4ರ ಪೇದೆ ಹೊಡೆದೆ, ಕುದುರೆ ನನ್ನ ಪೇದೆ ಹೊಡೆಯಿತು. ನಾನು ಕುದುರೆಯನ್ನು ಡಿ7ಕ್ಕೆ ಇಟ್ಟೆ. ಅಷ್ಟರಲ್ಲಿ ಹೊರಗೆ ಹಾರ್ನ್. ಮುಂದಿನ ನಡೆ ಎಂದಿನಂತೆ ಇನ್ನೊಂದು ಕುದುರೆ ಎಫ್6ಕ್ಕೆ ಅಂತ ಪ್ರೀಮೂವ್ (ಎದುರಾಳಿ ಆಡುವ ಮುಂಚೆಯೇ ಹೇಳಿಟ್ಟುಬಿಡುವ ನಡೆ) ಹಾಕಿ ಚೀಟಿ ಪ್ರಿಂಟ್ ಮಾಡಲು ತಿರುಗಿದೆ. ಎದುರಾಳಿ ರಾಣಿಯನ್ನು ಇ2ಕ್ಕೆ ತಂದಿದ್ದ. ನಾನು ತಿರುಗಿ ನೋಡುವಾಗ ಅವನ ಕುದುರೆ ಡಿ6ರಲ್ಲಿ ಕೂತಿತ್ತು. ಮೇಟ್, ಆರೇ ನಡೆಯಲ್ಲಿ! ಇ7ರ ಪೇದೆ ಅದನ್ನು ಹೊಡೆಯುವಂತಿಲ್ಲ, ಹೊಡೆದರೆ ರಾಣಿಯ ದಾರಿ ನೇರ ನನ್ನ ರಾಜನಿಗೆ. ನನ್ನ ಮುಖ ನೋಡಿದ ಡ್ರೈವರ್, "ಅಣ್ಣಾರ, ನಿಮ್ಮ ಕುದುರಿ ಆಮ್ಯಾಲ ಓಡಸ್ರಿ, ಮೊದಲ ನನ್ನ ಗಾಡಿ ಬಿಡ್ರಿ" ಅಂದ. ಅಂದಿನಿಂದ ಪ್ರೀಮೂವ್‌ಗೆ ಒಂದೇ ನಿಯಮ: ಕಾಯಿಗೆ ಕಾಯಿ ಹೊಡೆಯುವ ಕಡೆ, ಇಲ್ಲವೇ ನನಗೆ ಒಂದೇ ದಾರಿ ಇರುವ ಕಡೆ ಮಾತ್ರ.

ಇನ್ನು ಗೆದ್ದ ಆಟ ಮುಗಿಸುವುದು. ಒಂಟಿ ರಾಜನ ಎದುರು ರಾಣಿ ಇದ್ದರೆ ಹೆಚ್ಚೆಂದರೆ ಹತ್ತು ನಡೆಯಲ್ಲಿ, ಆನೆ ಇದ್ದರೆ 16 ನಡೆಯಲ್ಲಿ ಮೇಟ್ ಆಗಲೇಬೇಕು. ಆದರೆ 15 ಸೆಕೆಂಡ್ ಉಳಿದಾಗ ಬೆರಳು ನಡುಗುತ್ತದೆ, ಅಲ್ವಾ? ಬೋರ್ಡ್ ಎಡಿಟರ್‌ನಲ್ಲಿ ಮೂರೇ ಕಾಯಿ ಇಟ್ಟು, ಕಂಪ್ಯೂಟರ್ ಎದುರು ಕಡಿಮೆ ಸಮಯ ಇಟ್ಟುಕೊಂಡು ಆಡಿ. ಉಪಾಯ ಸರಳ: ರಾಣಿಯನ್ನು (ನಮ್ಮ ಮಾಮ ಈಗಲೂ 'ವಜೀರ' ಅಂತಲೇ ಅನ್ನುತ್ತಾನೆ) ಎದುರಾಳಿ ರಾಜನಿಂದ ಕುದುರೆ ನಡೆಯಷ್ಟು ದೂರ ಇಟ್ಟು, ರಾಜ ಹೋದ ದಿಕ್ಕಿಗೆ ಅಷ್ಟೇ ಸರಿಸುತ್ತಾ ಹೋಗುವುದು. ಅವನು ತಾನಾಗಿಯೇ ಮೂಲೆ ಸೇರುತ್ತಾನೆ. ಅಲ್ಲಿ ಮಾತ್ರ ನಿಲ್ಲಬೇಕು. ರಾಜ ಎ8ರಲ್ಲಿದ್ದಾಗ ಅದೇ ಅಭ್ಯಾಸಬಲದಿಂದ ರಾಣಿಯನ್ನು ಬಿ6ಕ್ಕೆ ಇಟ್ಟರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ), ಅರ್ಧ ಪಾಯಿಂಟ್ ಮಣ್ಣುಪಾಲು. ರಾಜ ಮೂಲೆ ಮುಟ್ಟುತ್ತಿದ್ದಂತೆ ರಾಣಿಯನ್ನು ಅಲ್ಲೇ ಬಿಟ್ಟು ನಿಮ್ಮ ರಾಜನನ್ನು ಕರೆತನ್ನಿ. ನಾನು ದಿನಾ ಊಟದ ಡಬ್ಬಿ ತೆರೆಯುವ ಮುಂಚೆ ಹತ್ತು ಸಲ ಮಾಡುತ್ತಿದ್ದೆ.

ಸೋಲುತ್ತಿರುವವರಿಗೂ ಒಂದು ಕಿವಿಮಾತು. ನಿಮ್ಮ ಸಮಯ ಮುಗಿದರೂ ಎದುರಾಳಿ ಬಳಿ ಬರೀ ರಾಜ ಉಳಿದಿದ್ದರೆ ಆಟ ಡ್ರಾ. ಹಾಗಾಗಿ ಸಮಯ ಓಡುತ್ತಿರುವಾಗ ಅವನ ಕೊನೆಯ ಪೇದೆಗೆ ನಿಮ್ಮ ಆನೆಯನ್ನೇ ಕೊಟ್ಟರೂ ನಷ್ಟವಿಲ್ಲ.

ಸತತ ಎರಡು ಸೋತರೆ ಫೋನ್ ಡ್ರಾಯರ್‌ಗೆ. ಈ ಒಂದು ನಿಯಮ ಪಾಲಿಸಲು ನನಗೆ ಮೂರು ತಿಂಗಳು ಬೇಕಾಯಿತು, ಮೂರನೆಯದನ್ನು ಸಿಟ್ಟಿನಲ್ಲಿ ಆಡಿ ಗೆದ್ದ ನೆನಪು ನನಗಂತೂ ಇಲ್ಲ. ಮೇ ತಿಂಗಳ ಮಧ್ಯಾಹ್ನವೂ ಬೇಡ. ನಮ್ಮ ತಗಡಿನ ಶೆಡ್ಡಿನಲ್ಲಿ ಫೋನ್ ಹಂಚಿನ ಹಾಗೆ ಕಾಯುತ್ತದೆ, ಸ್ಕ್ರೀನ್ ತಾನೇ ಮಂಕಾಗುತ್ತದೆ. ಆದರೆ ವಯಸ್ಸಾಯ್ತು, ಕೈ ಓಡಲ್ಲ ಅನ್ನುವ ನೆಪ ಒಪ್ಪುವುದಿಲ್ಲ. ವಿಶ್ವನಾಥನ್ ಆನಂದ್ 2017ರಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ (ವೇಗದ ಚೆಸ್) ಪಟ್ಟ ಗೆದ್ದಾಗ ಅವರಿಗೆ 48 ವರ್ಷ.

ಎಂಟು ತಿಂಗಳಾಯಿತು, ಈಗ 1560ರಲ್ಲಿದ್ದೇನೆ. ಎರಡನೇ ಪುಸ್ತಕ ನಡೆಯುತ್ತಿದೆ. ಸಮಯದ ಕಾಲಂ ಬಹುತೇಕ ಖಾಲಿ. ಹೊಸ ಗೀಟುಗಳೆಲ್ಲ ಆನೆ-ಪೇದೆ ಕೊನೆಯಾಟದಲ್ಲಿ ಬೀಳುತ್ತಿವೆ. ಮುಂದಿನ ಎರಡು ವಾರ ಲುಸೇನಾ ಪೊಸಿಷನ್ (ಆನೆ-ಪೇದೆ ಕೊನೆಯಾಟ ಗೆಲ್ಲುವ ಹೆಸರಾಂತ ಸ್ಥಿತಿ), ದಿನಾ ಹತ್ತು ಸಲ, ಡಬ್ಬಿ ತೆರೆಯುವ ಮುಂಚೆ.