ಉದ್ದ ಪದ ಎಲ್ಲಿ ಮುರಿಯಬೇಕು? ಬ್ರೌಸರ್‌ಗೆ ನೀವೇ ಹೇಳಿ

ಕಂಪ್ಯೂಟರ್‌ನಲ್ಲಿ ಅಚ್ಚುಕಟ್ಟಾಗಿ ಕಾಣುವ ವೆಬ್ ಪುಟ ಮೊಬೈಲ್‌ನಲ್ಲಿ ಅಡ್ಡಡ್ಡ ಜರುಗುತ್ತದೆಯೇ? ಎಷ್ಟೋ ಸಲ ಒಂದೇ ಒಂದು ಉದ್ದ ಪದ ಇದಕ್ಕೆ ಕಾರಣ. ಬ್ರೌಸರ್ ಸಾಮಾನ್ಯವಾಗಿ ಖಾಲಿ ಜಾಗವೋ ಹೈಫನ್ನೋ ಸಿಕ್ಕಲ್ಲಿ ಸಾಲು ಮುರಿಯುತ್ತದೆ. ಎರಡೂ ಇಲ್ಲದ ಪದ ಚೌಕಟ್ಟು ದಾಟಿ ಹೊರಚಾಚುತ್ತದೆ.

ಮುರಿಯಬೇಕಾದದ್ದು ಓದುವ ಪದವೋ, ಜನ ಕಾಪಿ ಮಾಡಿಕೊಳ್ಳುವ ಫೈಲ್ ಹೆಸರೋ ಎಂದು ಮೊದಲು ನೋಡಿ. ಎರಡಕ್ಕೂ ಮದ್ದು ಬೇರೆ.

ಪದವಾದರೆ ಸಾಫ್ಟ್ ಹೈಫನ್ ಬಳಸಿ. ಆಂಪರ್‌ಸ್ಯಾಂಡ್ ಚಿಹ್ನೆ, ಎಸ್, ಎಚ್, ವೈ, ಕೊನೆಗೆ ಸೆಮಿಕೋಲನ್: ಇಷ್ಟನ್ನು ಪುಟದ ಎಚ್‌ಟಿಎಂಎಲ್ ಕೋಡ್‌ನಲ್ಲಿ ಜಾಗ ಬಿಡದೆ ಟೈಪ್ ಮಾಡಿದರಾಯಿತು. ‘ಜೀವವೈವಿಧ್ಯಸಂರಕ್ಷಣಾಯೋಜನೆ’ ಎಂಬ ಶೀರ್ಷಿಕೆ ಇದೆ ಎನ್ನಿ. ‘ವೈವಿಧ್ಯ’ ಆದಮೇಲೆ ಒಂದು, ‘ಸಂರಕ್ಷಣಾ’ ಆದಮೇಲೆ ಇನ್ನೊಂದು ಸೇರಿಸಿ. ಜಾಗ ಇದ್ದರೆ ಏನೂ ಕಾಣುವುದಿಲ್ಲ. ಸಾಲದೆ ಬಂದರೆ ಪದ ಅಲ್ಲೇ ಮುರಿದು ಸಾಲಿನ ತುದಿಯಲ್ಲಿ ಅಡ್ಡಗೆರೆ ಮೂಡುತ್ತದೆ.

ಫೈಲ್ ಹೆಸರಿಗೆ, ವೆಬ್ ವಿಳಾಸಕ್ಕೆ ಇದು ಬೇಡವೇ ಬೇಡ. ಆ ಅಡ್ಡಗೆರೆ ಹೆಸರಿನದೇ ಭಾಗವೆಂದು ಓದುಗರು ತಿಳಿದಾರು. ಅಲ್ಲಿಗೆ ‘ಬೇಕಾದರೆ ಇಲ್ಲಿ ಮುರಿ’ ಎಂದು ತಿಳಿಸುವ ಡಬ್ಲ್ಯೂಬಿಆರ್ ಟ್ಯಾಗ್ ಸರಿ. ಇದಕ್ಕೆ ಮುಚ್ಚುವ ಟ್ಯಾಗ್ ಇಲ್ಲ, ಮುರಿದಲ್ಲಿ ಗೆರೆಯೂ ಬೀಳದು. ಅಂಡರ್‌ಸ್ಕೋರ್‌ಗಳಿಂದ ಪೋಣಿಸಿದ ಹೆಸರಾದರೆ ಪ್ರತಿ ಅಂಡರ್‌ಸ್ಕೋರ್ ಆದಮೇಲೂ ಒಂದೊಂದು ಹಾಕಿ.

ಬಳಕೆದಾರರು ಬರೆಯುವ ಪಠ್ಯದಲ್ಲಿ ಹೀಗೆ ಕೈಯಿಂದ ಗುರುತು ಹಾಕುತ್ತ ಕೂರಲಾಗದು. ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ‘ಓವರ್‌ಫ್ಲೋ-ರ‍್ಯಾಪ್’ಗೆ ‘ಎನಿವೇರ್’ ಎಂದು ಕೊಡಿ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಪದ ಒಡೆಯುತ್ತದೆ. ಅದಕ್ಕೇ ಕೊಡುವ ಹಳೆಯ ಬೆಲೆ ‘ಬ್ರೇಕ್-ವರ್ಡ್’ ಕೂಡ ಇದನ್ನೇ ಮಾಡುತ್ತದಾದರೂ ಕಾಲಂನ ಕನಿಷ್ಠ ಅಗಲ ಲೆಕ್ಕ ಹಾಕುವಾಗ ಆ ಒಡಕನ್ನು ಪರಿಗಣಿಸುವುದಿಲ್ಲ. ಕಾಲಂಗಳನ್ನು ಜೋಡಿಸುವ ಸಿಎಸ್‌ಎಸ್ ವಿಧಾನಗಳಾದ ಫ್ಲೆಕ್ಸ್ ಅಥವಾ ಗ್ರಿಡ್‌ನೊಳಗಿನ ಕಾಲಂ ಹಟಹಿಡಿದು ಅಗಲವಾಗಿಯೇ ಉಳಿದರೆ ‘ಬ್ರೇಕ್-ವರ್ಡ್’ ಅನ್ನೇ ಶಂಕಿಸಿ. ಕಾಲಂನ ‘ಮಿನ್-ವಿಡ್ತ್’ ಸೊನ್ನೆ ಮಾಡಿದರೂ ಸರಿಹೋಗುತ್ತದೆ.

‘ವರ್ಡ್-ಬ್ರೇಕ್’ಗೆ ‘ಬ್ರೇಕ್-ಆಲ್’ ಕೊಡುವ ಸಲಹೆ ಎಲ್ಲೆಡೆ ಸಿಗುತ್ತದೆ. ನನಗಂತೂ ಅದು ಹಿಡಿಸದು. ಮುಂದಿನ ಸಾಲಿಗೆ ಇಡಿಯಾಗಿ ಹೋಗಬಹುದಾಗಿದ್ದ ಪುಟ್ಟ ಪದವನ್ನೂ ಅದು ನಡುವೆ ಕತ್ತರಿಸುತ್ತದೆ. ‘ಹೈಫನ್ಸ್: ಆಟೊ’ ಇನ್ನೊಂದು ಉಪಾಯ, ಬ್ರೌಸರೇ ಹೈಫನ್ ಹಾಕಿ ಪದ ಮುರಿಯುತ್ತದೆ. ಆದರೆ ಪುಟದ ಎಚ್‌ಟಿಎಂಎಲ್‌ನಲ್ಲಿ ‘ಲ್ಯಾಂಗ್’ ಎಂಬಲ್ಲಿ ಭಾಷೆ ನಮೂದಾಗಿರಬೇಕು, ಆ ಭಾಷೆಯ ನಿಯಮಗಳೂ ಬ್ರೌಸರ್ ಬಳಿ ಇರಬೇಕು.

ಕೊನೆಗೆ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಪರದೆಯ ಅಗಲವನ್ನು 320 ಪಿಕ್ಸೆಲ್‌ಗೆ ಇಳಿಸಿ. ಶೀರ್ಷಿಕೆ ಮತ್ತು ಟೇಬಲ್‌ಗಳ ಮೇಲೆ ಮೊದಲು ಕಣ್ಣಾಡಿಸಿ. ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.